ಒಂದು ದಿನದ ಪರದೇಶಿ

ನಿನ್ನೆ ರಾತ್ರಿ ಟಾಂಗಾ ಬಿಚ್ಚಿ
ಬಿಜಲಿಗೆ ಹುಲ್ಲು ಹಾಕಿ ಒಳಗ ಬಂದಾಂವ
ರೊಟ್ಟಿ ಮುರಿಯದ ಕುಂತ.
ಏನಾತು ಅಂದೆ.
ಫಿನ್ಲೆಂಡಿನ ಗಂಡಹೆಂಡಿರಂತ, ಇಬ್ಬರದೂ ಬೆಳ್ಳಗಿನ ತಲಿ,
ಮುಂಜಾನಿಂದ ಸಂಜೀತನಕ ಊರೆಲ್ಲಾ ತೋರಿಸಿದನಂತ.
ಇಳಿಯೂಮುಂದ ಆ ಹೆಣಮಗಳು
ಗೈಡ್ ಹುಡುಗನ ಬಾಯಿಂದ ಕೇಳಿಸಿದ್ಲಂತ:
ನಿನ್ನ ಹೆಂಡತಿಗೆ ಈ ಊರಾಗ ಯಾವ ಜಾಗಾ ಸೇರತೈತಿ?

ಹೇಳಾಕ ಬರಲಿಲ್ಲಂತ.
ಸುಮ್ಮನ, ತಾಜಬಾವಡಿ ಅಂದುಬಿಟ್ಟನಂತ.
ನಾ ಅದರ ದಂಡೀಗೂ ನಿಂತಾಕಿ ಅಲ್ಲ.

ಇಪ್ಪತ್ತೆರಡು ವರ್ಷ.
ನನಗ ಗೊತ್ತಿದ್ದ ವಿಜಾಪುರ ಅಂದ್ರ
ನಳದ ಪಾಳಿ, ರೇಶನ್ ಅಂಗಡಿ, ಸರಕಾರಿ ದವಾಖಾನಿ,
ಶಾಸ್ತ್ರಿ ಮಾರ್ಕೆಟಿನ್ಯಾಗ ಹೊತ್ತು ಮುಳುಗಿದ ಮ್ಯಾಲ
ಅಗ್ಗಾಗೂ ಬದನಿಕಾಯಿ.
ಗೋಳಗುಮ್ಮಟ ಅಂದ್ರ
ಮಾಳಗಿ ಮ್ಯಾಲ ಅರಬಿ ಒಣಹಾಕೂಮುಂದ
ಹಗ್ಗದ ಆಚಿ ಕಾಣೂದು, ಬೋರಲ ಹಾಕಿದ ಗಡಗಿ.

ಇವತ್ತ ಜುಮ್ಮಾ ಅಲ್ಲ, ಹಬ್ಬ ಅಲ್ಲ,
ಮುಂಜಾನೆದ್ದು, ಹತ್ತು ಅಂದ.
ಬಾಜೂಕ ಹತ್ತಾಕ ಹ್ವಾದರ
ಅಲ್ಲಲ್ಲ, ಸವಾರಿ ಹಿಂದ ಕೂಡಬೇಕು ಮೇಡಂ.
ಮೇಡಂ!
ಓಣಿ ಮಂದಿ ನೋಡತಾರಂತ ಸೆರಗು ಕಚ್ಚಿ ನಕ್ಕೆ.

ಟಾಂಗಾದಾಗ ಹಿಂದ ಕುಂತವರಿಗೆ
ಮುಂದ ಬರೂದು ಕಾಣೂದಿಲ್ಲ.
ದಾಟಿ ಬಂದದ್ದಷ್ಟ ಕಾಣತೈತಿ,
ಸಣ್ಣದಾಗಕೋತ, ಸಣ್ಣದಾಗಕೋತ.

ಬಾರಾಕಮಾನಿನ ಮುಂದ ಲಗಾಮು ಜಗ್ಗಿದ.
ಇದು ಅರ್ಧಕ್ಕ ನಿಂತ ಕೆಲಸ ಮೇಡಂ.
ನಮ್ಮ ಬಚ್ಚಲಮನಿ ಹಿಡಿದ ಗೌಂಡೀನ
ಇದನ್ನೂ ಹಿಡಿದಿದ್ದನೇನು ಅಂದೆ.
ಬಿಜಲಿ ಸುದ್ದಾ ಕಿವಿ ಅಲಗಿಸಿತು.

ತೋಪಿನ ಹಂತ್ಯಾಕ ಅಂವಂದು ದೊಡ್ಡ ಕತಿ.
ಹಾರಿಸಿದಾಂವ ಕಿವಿ ಒಡೀಬಾರದಂತ
ಬತ್ತಿ ಹಚ್ಚಿ ನೀರಿನ ಹೊಂಡದಾಗ ಮುಳುಗತಿದ್ದ ಮೇಡಂ.
ಮುಳುಗಿ ಎಷ್ಟೊತ್ತು ಇರತಿದ್ದ?
ಇಂವ ತಲಿ ಕೆರಕೊಂಡ.
ಇಲ್ಲೀತನಕ ಯಾವ ದೇಶದವರೂ ಕೇಳಿದ್ದಿಲ್ಲಂತ.
ಬಿಸಿಲಾಗೂ ಆ ಲೋಹ ತಣ್ಣಗಿತ್ತು.
ಅಂಗೈ ಇಟ್ಟು ಬಾಳೊತ್ತು ತಗೀಲಿಲ್ಲ ನಾ.

ಗುಮ್ಮಟದ ಚೀಟಿ ಕಿಟಕಿ ಮ್ಯಾಲ ಎರಡು ದರ,
ದೇಶದವರಿಗೊಂದು, ಪರದೇಶದವರಿಗೊಂದು.
ನನಗ ಯಾವುದು? ಅಂದೆ, ಚಾಷ್ಟಿಗೆ.
ಅಂದ ಮ್ಯಾಲ ಗಂಟಲಾಗ ಏನೋ ಸಿಕ್ಕಿತು.
ನಮ್ಮ ಕಡೆ ಪರದೇಶಿ ಅಂದ್ರ ವಿಮಾನದಾಗ ಬಂದವರಲ್ಲ,
ತನ್ನವರು ಅನ್ನೂರು ಇಲ್ಲದವರು.
ಅವ್ವ ಹ್ವಾದ ದಿನ, ಅಂಗಳದಾಗ ನಿಂತ ಮಂದಿ
ನನ್ನ ಕಡೆ ನೋಡಿ ಅಂದದ್ದೂ ಅದನ್ನ.

ಏಳು ಅಂತಸ್ತು ಏರೂದ್ರಾಗ ಮೊಣಕಾಲು ನಡಗತಿದ್ದುವು.
ಮ್ಯಾಲ ಜಮಖಂಡಿ ಕಡೆ ಸಾಲಿ ಹುಡುಗರು,
ನೂರು ಮಂದಿ, ನೂರು ನರಿ.
ಇಂವ ಆ ಕಡೆ ಹೋಗಿ ಕುಂತ,
ಕಡ್ಡಿಪೆಟಿಗಿಯಷ್ಟ ಆಗಿ,
ಕಿವಿಗೆ ಕೈ ಹಚ್ಚಿ, ಹೇಳು ಅಂತ ಸನ್ನಿ ಮಾಡಿದ.
ಗ್ವಾಡಿಗೆ ಬಾಯಿ ಹಚ್ಚಿ ಒಂದು ಮಾತು ಅಂದೆ.
ಇಪ್ಪತ್ತೆರಡು ವರ್ಷ ಅಂದಿದ್ದಿಲ್ಲ ಅದನ್ನ.
ಇಲ್ಲಿ ಮಾತು ಏಳು ಸಲ ಬರತೈತಂತ.
ನಂದು ಒಂದು ಸಲಾನೂ ಮುಟ್ಟಲಿಲ್ಲ.
ಸುತ್ತು ಹಾಕಿ ಬಂದು, ಏನಂದಿ ಅಂದ.
ಹೋಗೂಮುಂದ ಬಿಜಲಿಗೆ ಹುರಳಿ ತಗೊಳ್ಳೂಣು ಅಂದೆ.

ತಿರುಗಿ ಬರೂಮುಂದ ಆಟ ಇನ್ನೂ ಬಿಟ್ಟಿದ್ದಿಲ್ಲ ಅಂವ.
ಮೇಡಂ, ನಿಮ್ಮದು ಯಾವೂರು?
ಹಳೇ ಕೊಲ್ಹಾರ.
ಅಲ್ಲಿ ನೋಡೂವಂಥಾದ್ದು ಏನೇನೈತಿ?

ಹೊಳಿ ಪಾವಟಿಗಿ ಐತಿ ಅಂದೆ.
ಮೊಸರಿನ ಗಡಗಿ ಹೊತ್ತು ಬಸ್ಸಿಗೆ ಓಡೂ ಹೆಂಗಸರು.
ಎಡಕ ತಿರುಗಿದರ ಅಪ್ಪನ ಹಿಟ್ಟಿನ ಗಿರಣಿ,
ಅದರ ಸಪ್ಪಳ ನಿಂತರ ಓಣಿಗೆಲ್ಲಾ ಊಟದ ಹೊತ್ತು.
ಮನಿ ಮುಂದ ಬೇವಿನಗಿಡ. ಟಿಕೇಟಿಲ್ಲ.

ಹೋಗೂದು ಹೆಂಗ?

ಟಾಂಗಾ ನಡಿಯೂದಿಲ್ಲ, ತೆಪ್ಪ ಬೇಕು.
ಬ್ಯಾಸಗಿ ಕಡೀಗೆ ಡ್ಯಾಮಿನ ನೀರು ಹಿಂದ ಸರದರ
ಒಂದೆರಡು ಗ್ವಾಡಿ ತಲಿ ಎತ್ತತಾವಂತ.

ಆಮ್ಯಾಲ ಅಂವ ಮೇಡಂ ಅನ್ನಲಿಲ್ಲ.
ಗಾಂಧಿಚೌಕ ಬಂತು, ಹೋತು,
ನನಗ ಕಂಡದ್ದು ಹೋಗಿದ್ದಷ್ಟ.

ಬಾಗಲದಾಗ ಇಳದು, ಸೆರಗಿನ ಗಂಟು ಬಿಚ್ಚಿ
ಬಾಡಿಗಿ ಅಂತ ಐವತ್ತು ರೂಪಾಯಿ ಕೊಟ್ಟೆ.
ಬ್ಯಾಡ ಅನ್ನಲಿಲ್ಲ ಕಳ್ಳ.
ಎರಡು ಮಡಿಕಿ ಮಾಡಿ ಎದಿ ಕಿಸೆದಾಗ ಇಟಕೊಂಡ.

ಹುರಳಿ ಮರತು ಬಂದಿದ್ದೆವು.
ಬಿಜಲಿ ಇಬ್ಬರ ಮಾರಿನೂ ನೋಡಿತು.